ಹಡ್ಲಿನ ಸೈಪ್ರೆಸ್‌ಗೆ ಹೊಸ ತಲೆ ಕಟ್ಟುವುದು: ಕಿತ್ತು ತಂದ ಮರ ಬೋನ್ಸಾಯ್ ಆಗುವ ಬಗೆ

ಹ್ಯೂಸ್ಟನ್‌ನ ನಮ್ಮ ಹಿತ್ತಿಲಲ್ಲಿ ಒಂದು ಸೈಪ್ರೆಸ್ ಮರ ಇದೆ. ಎತ್ತರ 38 ಇಂಚು. ಬುಡದ ಅಡ್ಡಳತೆ 7 ಇಂಚು. 2017ರ ಫೆಬ್ರವರಿಯಲ್ಲಿ ಲೂಯಿಸಿಯಾನಾದ ಒಂದು ಹೊಂಡದ ಅಂಚಿನಿಂದ ಅದನ್ನು ಕಿತ್ತು ತಂದೆ. ಆಗ ಅದು 20 ಅಡಿ ಎತ್ತರದ ಮರ. 28 ಇಂಚಿಗೆ ಕಡಿದು, ಕಾರಿನ ಹಿಂದಿನ ಸೀಟು ಮಡಚಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿ ಮನೆಗೆ ತಂದಾಗ ಅದು ಬರೀ ಒಂದು ಕಂಬ. ಒಂದು ಕೊಂಬೆಯೂ ಇಲ್ಲ, ಒಂದು ಎಲೆಯೂ ಇಲ್ಲ. ಆ ಕಂಬ ಮರವಾಗಿದ್ದು ಹೇಗೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಟೆಕ್ಸಾಸ್, ಲೂಯಿಸಿಯಾನಾ, ಫ್ಲೋರಿಡಾ ಕಡೆ ಇರುವ ನಮ್ಮವರು ಬೋನ್ಸಾಯ್, ಅಂದರೆ ಮರವನ್ನು ಕುಂಡದಲ್ಲಿ ಕುಳ್ಳಗೆ ಬೆಳೆಸುವ ಕಲೆ, ಶುರು ಮಾಡುವಾಗ ಜಾಸ್ತಿ ಜನ ಅಂಗಡಿಯಿಂದ ಪುಟ್ಟ ಜ್ಯೂನಿಪರ್ ಗಿಡ ತರುತ್ತಾರೆ. ಮನೆಯೊಳಗೆ ಮೇಜಿನ ಮೇಲೆ ಇಡುತ್ತಾರೆ. ಕೆಲವು ತಿಂಗಳಲ್ಲಿ ಅದು ಒಣಗುತ್ತದೆ. ಅವರಿಗೆಲ್ಲ ನಾನು ಹೇಳುವುದು ಒಂದೇ: ಈ ನೆಲದ ಬಿಸಿಲಿಗೆ, ಈ ತೇವಕ್ಕೆ ಹುಟ್ಟಿದ ಮರವನ್ನೇ ಹಿಡಿಯಿರಿ. ಹೊರಗಡೆ, ಬಿಸಿಲಲ್ಲಿ ಬೆಳೆಸಿ.

ಈ ಮರದ ಹೆಸರು ಬಾಲ್ಡ್ ಸೈಪ್ರೆಸ್. ಬಾಲ್ಡ್ ಅಂದರೆ ಬೋಳು. ಸೈಪ್ರೆಸ್ ಜಾತಿಯ ಮರಗಳು ಸಾಮಾನ್ಯವಾಗಿ ವರ್ಷವಿಡೀ ಹಸಿರಾಗಿರುತ್ತವೆ. ಇದು ಮಾತ್ರ ನವೆಂಬರ್ ಹೊತ್ತಿಗೆ ತುಕ್ಕಿನ ಬಣ್ಣಕ್ಕೆ ತಿರುಗಿ ಎಲೆಯನ್ನೆಲ್ಲ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಅಮೆರಿಕದ ಆಗ್ನೇಯ ಭಾಗದ ಜೌಗು ನೆಲ ಇದರ ತವರು. ಲೂಯಿಸಿಯಾನಾ 1963ರಲ್ಲಿ ಇದನ್ನು ತನ್ನ ರಾಜ್ಯವೃಕ್ಷ ಮಾಡಿಕೊಂಡಿತು. ಉತ್ತರ ಕ್ಯಾರೊಲಿನಾದ ಬ್ಲ್ಯಾಕ್ ನದಿಯ ದಡದಲ್ಲಿರುವ ಒಂದು ಮರಕ್ಕೆ ಕನಿಷ್ಠ 2,624 ವರ್ಷ ಅಂತ 2019ರಲ್ಲಿ ಲೆಕ್ಕ ಸಿಕ್ಕಿತು. ಲೂಯಿಸಿಯಾನಾದಲ್ಲಿ ಅಂಥ ಹಳೇ ಮರಗಳು ಈಗ ಅಪರೂಪ. 1890ರಿಂದ 1920ರ ದಶಕದವರೆಗೆ ಬಹುಪಾಲು ಕಡಿದು ಮಾರಿಬಿಟ್ಟರು. ದೋಣಿಯಲ್ಲಿ ಹೋದರೆ ಕರೀ ನೀರಿನಲ್ಲಿ ಇಂದಿಗೂ ಅವುಗಳ ದೊಡ್ಡ ದೊಡ್ಡ ಮೊಂಡುಗಳು ಕಾಣುತ್ತವೆ.

ನಾನು ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಬೆಳೆದವಳು. ಗುಡ್ಡದ ನಡುವಿನ ತಗ್ಗು, ನೀರು ನಿಲ್ಲುವ ಜಾಗಕ್ಕೆ ನಮ್ಮಲ್ಲಿ ಹಡ್ಲು ಅಂತಾರೆ. ಲೂಯಿಸಿಯಾನಾದಲ್ಲಿ ಮೊದಲ ಸಲ ಮಂಡಿಯವರೆಗಿನ ಕೆಸರಿನಲ್ಲಿ ನಿಂತಾಗ ನನಗೆ ನೆನಪಾದದ್ದು ಆ ಹಡ್ಲೇ. ಅದೇ ವಾಸನೆ.

ಎಲ್ಲಿಂದ, ಯಾವುದನ್ನು

ಮೊದಲು ಅನುಮತಿ. ರಾಜ್ಯದ ಉದ್ಯಾನವನ, ವನ್ಯಜೀವಿ ಧಾಮ, ರಸ್ತೆಬದಿ, ಇಲ್ಲಿಂದ ಗಿಡ ಕೀಳಲೇಬಾರದು. ಖಾಸಗಿ ಜಮೀನಾದರೆ ಮಾಲೀಕರಿಂದ ಒಂದು ಸಾಲಾದರೂ ಬರೆಸಿಕೊಳ್ಳಿ. ಕಾಲುವೆ ಅಗಲ ಮಾಡುವವರು, ಹೊಂಡ ಸ್ವಚ್ಛ ಮಾಡಿಸುವವರು ಇದ್ದರೆ ಕೇಳಿ ನೋಡಿ. ಅಲ್ಲಿ ಹೇಗಿದ್ದರೂ ಯಂತ್ರ ಬಂದು ಎಲ್ಲವನ್ನೂ ನೂಕುತ್ತದೆ. ನನ್ನ ಮರ ಸಿಕ್ಕಿದ್ದೂ ಹಾಗೆಯೇ. ಜೊತೆಗೆ ಕೆಲಸ ಮಾಡುವವರೊಬ್ಬರ ಮಾವನ ಜಮೀನು. ಆ ವರ್ಷ ಹೊಂಡದ ಏರಿ ಸರಿ ಮಾಡಿಸುವವರಿದ್ದರು. ಏರಿಯ ಮೇಲೆ ಎದ್ದಿದ್ದ ಸೈಪ್ರೆಸ್‌ಗಳಲ್ಲಿ ಬೇಕಾದ್ದು ತೆಗೆದುಕೊಳ್ಳಿ ಅಂದರು.

ಆರಿಸುವಾಗ ಮೇಲಕ್ಕೆ ನೋಡಬೇಡಿ. ಮೇಲಿನದ್ದು ಹೇಗಿದ್ದರೂ ಕಡಿಯುವುದೇ. ಕೂತು ಬುಡ ನೋಡಿ. ನೀರು ಏರಿ ಇಳಿಯುವ ಜಾಗದಲ್ಲಿ ಬೆಳೆದ ಸೈಪ್ರೆಸ್‌ನ ಬುಡ ಅಗಲಿಸಿ, ಏಣು ಏಣಾಗಿ, ಸೀರೆಯ ನೆರಿಗೆ ಹರಡಿದ ಹಾಗೆ ಇರುತ್ತದೆ. ಒಣ ನೆಲದಲ್ಲಿ ಬೆಳೆದದ್ದು ವಿದ್ಯುತ್ ಕಂಬದ ಹಾಗೆ ನೇರ. ಆ ಏಣುಗಳು ಕುಂಡದಲ್ಲಿ ಅಷ್ಟು ಸುಲಭವಾಗಿ ಬರುವುದಿಲ್ಲ. ಅದು ಜೌಗಿನಲ್ಲೇ ಆಗಿರಬೇಕು. ಕೈ ಕೆಸರಿಗೆ ಹಾಕಿ ಬುಡದ ಸುತ್ತ ತಡವಿ. ನಾಲ್ಕೂ ಕಡೆ ಬೇರು ಹರಡಿದೆಯಾ, ಒಂದು ಕಡೆ ಮಾತ್ರ ಇದೆಯಾ ಅಂತ ಬೆರಳಿಗೇ ಗೊತ್ತಾಗುತ್ತದೆ. ಕೈ ಹಾಕುವ ಮುಂಚೆ ಒಂದು ಕೋಲಿನಿಂದ ಸುತ್ತಲೂ ಕೆದಕಿ. ಕಾಟನ್‌ಮೌತ್ ಅನ್ನುವ ವಿಷದ ಹಾವು ಈ ಜಾಗಗಳಲ್ಲೇ ಇರುವುದು. ಚಳಿಯಲ್ಲಿ ಅದು ಮಂಕಾಗಿರುತ್ತದೆ, ಆದರೆ ಇರುವುದಂತೂ ಹೌದು.

ಕೀಳುವುದು

ಕಾಲ ಮುಖ್ಯ. ಎಲೆ ಉದುರಿ, ಮೊಗ್ಗು ಊದುವ ಮುಂಚೆ. ಇಲ್ಲಿನ ಗಲ್ಫ್ ತೀರದಲ್ಲಿ, ಅಂದರೆ ಮೆಕ್ಸಿಕೊ ಕೊಲ್ಲಿಯ ಕರಾವಳಿಯಲ್ಲಿ, ಜನವರಿ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ. ಆಗ ಮರದ ಶಕ್ತಿಯೆಲ್ಲ ಕಾಂಡ, ಬೇರಿನಲ್ಲಿ ಕೂತಿರುತ್ತದೆ. ಹಾಗಾಗಿಯೇ ತಲೆ, ಬೇರು ಎರಡನ್ನೂ ಕಡಿದರೂ ಅದು ಬದುಕುತ್ತದೆ.

ಬ್ಯಾಟರಿಯಲ್ಲಿ ಓಡುವ ಗರಗಸ, ನಾಲ್ಕು ಹೆಚ್ಚುವರಿ ಬ್ಲೇಡು, ಒಂದು ಕೈಗರಗಸ, ಸಲಿಕೆ. ಕೆಸರಿನ ಮರಳು ಬ್ಲೇಡಿನ ಹಲ್ಲನ್ನು ಬೇಗ ತಿನ್ನುತ್ತದೆ, ಅದಕ್ಕೇ ನಾಲ್ಕು. ಮೊದಲು ತಲೆ ಕಡಿಯಿರಿ. ಎಷ್ಟು ಎತ್ತರಕ್ಕೆ? ನನ್ನ ಲೆಕ್ಕ ಇದು: ಮರ ಕೊನೆಗೆ ಬುಡದ ಅಗಲದ ಐದೂವರೆ ಪಟ್ಟು ಎತ್ತರ ಇರಲಿ. ಅದರ ಮುಕ್ಕಾಲು ಭಾಗಕ್ಕೆ ಕಡಿಯಿರಿ. ಉಳಿದ ಕಾಲು ಭಾಗವನ್ನು ಹೊಸ ಚಿಗುರಿನಿಂದ ಬೆಳೆಸಬೇಕು. ಕಡಿದ ಜಾಗ ಒಂದೆರಡು ಇಂಚು ಒಣಗಿ ಸಾಯುವುದೂ ಉಂಟು, ಅದಕ್ಕೆ ಸ್ವಲ್ಪ ಜಾಸ್ತಿ ಬಿಡಿ.

ಆಮೇಲೆ ಬುಡದಿಂದ ಏಳೆಂಟು ಇಂಚು ದೂರದಲ್ಲಿ ಸುತ್ತಲೂ ಗರಗಸ ಇಳಿಸಿ. ಮರವನ್ನು ಅತ್ತಿತ್ತ ಅಲುಗಾಡಿಸಿ, ಕೆಳಗಿನ ಬೇರನ್ನೂ ಕುಯ್ಯಿರಿ. ಹೊರಗೆ ಬಂದ ಮೇಲೆ ಕೆಸರು ತೊಳೆದು, ಏಣುಗಳು ಮುಗಿಯುವಲ್ಲಿಂದ ನಾಲ್ಕು ಇಂಚು ಕೆಳಗೆ ತಳವನ್ನು ಸಪಾಟಾಗಿ ಕುಯ್ಯಿರಿ. ಪಕ್ಕದ ಬೇರುಗಳನ್ನು ಮೂರ್ನಾಲ್ಕು ಇಂಚಿಗೆ ಕತ್ತರಿಸಿ. ನೋಡಲು ಭಯ ಆಗುತ್ತದೆ. ಸಣ್ಣ ಬೇರು ಬಹಳ ಇಲ್ಲದಿದ್ದರೂ ಸೈಪ್ರೆಸ್ ಹೊಸದಾಗಿ ಬಿಡುತ್ತದೆ. ಬೇರೆ ಕೋನಿಫರ್ (ಶಂಕು ಕಾಯಿ ಬಿಡುವ) ಮರಗಳಿಗೆ ಹೀಗೆ ಮಾಡಬೇಡಿ, ಪೈನ್ ಆಗಲೀ ಜ್ಯೂನಿಪರ್ ಆಗಲೀ ಖಂಡಿತ ಸಾಯುತ್ತದೆ.

ಮನೆಗೆ ಬರುವವರೆಗೆ ಬೇರು ಒಣಗಬಾರದು. ಗಾರೆ ಕಲಸುವ ಕಪ್ಪು ಪ್ಲಾಸ್ಟಿಕ್ ತೊಟ್ಟಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ತಳಕ್ಕೆ ಹತ್ತಿಪ್ಪತ್ತು ತೂತು ಕೊರೆದು, ಪ್ಯೂಮಿಸ್ ಅನ್ನುವ ಹಗುರವಾದ ತೂತು ತೂತು ಕಲ್ಲು ಮತ್ತು ಪೈನ್ ತೊಗಟೆ ಅರ್ಧರ್ಧ ಬೆರೆಸಿ ಅದರಲ್ಲಿ ನೆಡಿ. ಅಲುಗಾಡದ ಹಾಗೆ ತಂತಿಯಿಂದ ತೊಟ್ಟಿಗೆ ಬಿಗಿದು ಕಟ್ಟಿ. ಅಲುಗಾಡಿದರೆ ಹೊಸ ಬೇರಿನ ತುದಿ ಮುರಿಯುತ್ತದೆ. ಹಿಮ ಬೀಳುವ ಸೂಚನೆ ಇದ್ದರೆ ಗ್ಯಾರೇಜಿಗೆ ಎಳೆಯಿರಿ. 2021ರ ಫೆಬ್ರವರಿಯಲ್ಲಿ ಹ್ಯೂಸ್ಟನ್ ಮೈನಸ್ 10 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಇಳಿದಿತ್ತು. ಬೇರೂರಿದ್ದ ನನ್ನ ದೊಡ್ಡ ಮರಕ್ಕೆ ಏನೂ ಆಗಲಿಲ್ಲ. ಹತ್ತು ದಿನದ ಹಿಂದೆ ಬೇರು ಕತ್ತರಿಸಿ ಹೊರಗೇ ಬಿಟ್ಟಿದ್ದ ಒಂದು ಚಿಕ್ಕ ಮರ ಮತ್ತೆ ಚಿಗುರಲೇ ಇಲ್ಲ.

ಮೊದಲ ಬೇಸಿಗೆ: ಕತ್ತರಿ ಮುಟ್ಟಬೇಡಿ

ಮಾರ್ಚ್ ಕೊನೆಗೆ ಕಾಂಡದ ತುಂಬಾ ಹಸಿರು ಚುಕ್ಕಿ ಏಳುತ್ತವೆ. ಹಳೇ ತೊಗಟೆಯನ್ನು ಒಡೆದುಕೊಂಡು ಬರುತ್ತವೆ. ನೋಡಲು ತುಂಬಾ ಖುಷಿ. ಒಂದೇ ಜಾಗದಲ್ಲಿ ಐದಾರು ಚಿಗುರು ಗೊಂಚಲಾಗಿ ಬಂದರೂ ಏನೂ ತೆಗೆಯಬೇಡಿ. ಎಲೆ ಇದ್ದಷ್ಟೂ ಬೇರು ಬರುತ್ತದೆ. ಜೂನ್ ಹೊತ್ತಿಗೆ ಚಿಗುರು ಒಂದು ಅಡಿ ದಾಟಿ ಗಟ್ಟಿಯಾದಾಗ ಗೊಬ್ಬರ ಶುರು ಮಾಡಿ. ಆಗಲೇ ತೊಟ್ಟಿಯನ್ನು ಮೂರ್ನಾಲ್ಕು ಇಂಚು ನೀರು ನಿಲ್ಲುವ ಇನ್ನೊಂದು ತಟ್ಟೆಯಲ್ಲಿ ಇಡಿ. ಟೆಕ್ಸಾಸ್ ಆಗಸ್ಟ್‌ನಲ್ಲಿ ಈ ಮರ ಎಷ್ಟು ನೀರು ಕುಡಿಯುತ್ತದೆ ಅಂದರೆ ಸಂಜೆಗೆ ತಟ್ಟೆ ಖಾಲಿ. ನಿಂತ ನೀರಿಗೆ ಸೊಳ್ಳೆ ಬರುತ್ತದೆ. ಸೊಳ್ಳೆಮರಿ ಕೊಲ್ಲುವ ಬಿಟಿಐ ಬಿಲ್ಲೆಯ ಒಂದು ತುಂಡು ಹಾಕಿ, ಮರಕ್ಕೆ ಅದರಿಂದ ತೊಂದರೆ ಇಲ್ಲ.

ಒಂದು ವಿಷಯ ಈಗಲೇ ತಿಳಿದುಕೊಳ್ಳಿ. ಸೈಪ್ರೆಸ್‌ನಲ್ಲಿ ಎರಡು ಬಗೆಯ ಚಿಗುರು ಇರುತ್ತದೆ. ಒಂದು, ಕೊಂಬೆಯಾಗುವ ಚಿಗುರು. ಇನ್ನೊಂದು, ಹಕ್ಕಿಯ ಗರಿಯ ಹಾಗೆ ಎರಡೂ ಕಡೆ ಎಲೆ ಜೋಡಿಸಿಕೊಂಡಿರುವ ಕಡ್ಡಿ. ಈ ಗರಿಗಳು ಚಳಿಗಾಲದಲ್ಲಿ ಎಲೆಯ ಜೊತೆಗೇ ಕಡ್ಡಿ ಸಮೇತ ಉದುರುತ್ತವೆ. ಹೊಸಬರು ಗರಿಗೆ ತಂತಿ ಸುತ್ತಿ ಕೊಂಬೆ ಆಯಿತು ಅಂದುಕೊಳ್ಳುತ್ತಾರೆ, ಡಿಸೆಂಬರ್‌ನಲ್ಲಿ ತಂತಿ ಮಾತ್ರ ಉಳಿಯುತ್ತದೆ. ಚಿಗುರಿನ ಬುಡ ಕಂದು ಬಣ್ಣಕ್ಕೆ ತಿರುಗಿ, ಪಕ್ಕದಿಂದ ಗರಿಗಳು ಹೊರಟಿದ್ದರೆ ಅದು ಕೊಂಬೆ.

ಹೊಸ ತಲೆ

ಇಲ್ಲಿಂದ ಮುಂದಿನದ್ದೇ ಈ ಕೆಲಸದ ಜೀವ. ನಾನು ಎರಡು ವರ್ಷ ಕಳೆದುಕೊಂಡದ್ದೂ ಇಲ್ಲೇ.

ಕಡಿದ ಕಾಂಡದ ತುದಿ ನನ್ನ ಮರದಲ್ಲಿ ಮೂರೂವರೆ ಇಂಚು ಅಗಲ ಇತ್ತು. ಅಲ್ಲಿಂದ ಹುಟ್ಟುವ ಚಿಗುರು ಪೆನ್ಸಿಲ್‌ನಷ್ಟು. ಮರ ಬುಡದಿಂದ ತುದಿಗೆ ಹೋಗುತ್ತಾ ಹೋಗುತ್ತಾ ಸಣ್ಣಗಾಗಬೇಕು, ಅಲ್ವಾ? ಬೋನ್ಸಾಯ್‌ನವರು ಅದಕ್ಕೆ ಟೇಪರ್ ಅಂತಾರೆ. ಕಂಬದ ಮೇಲೆ ಕಡ್ಡಿ ಸಿಕ್ಕಿಸಿದ ಹಾಗೆ ಇದ್ದರೆ ಎಷ್ಟು ಚಂದದ ಬುಡ ಇದ್ದರೂ ಕಣ್ಣು ಆ ಕಡಿತದ ಹತ್ತಿರವೇ ನಿಂತುಬಿಡುತ್ತದೆ.

ಕಾಫಿ ತೋಟದಲ್ಲಿ ನೇರ ಮೇಲಕ್ಕೆ ನುಗ್ಗುವ ಚಿಗುರಿಗೆ ಕಂಬಚಿಗುರು ಅಂತ ಹೆಸರು. ಅದು ಗಿಡದ ಆಹಾರವನ್ನೆಲ್ಲ ತಾನೇ ತಿನ್ನುತ್ತದೆ. ಅದಕ್ಕೇ ವರ್ಷ ವರ್ಷವೂ ಆಳು ಹಚ್ಚಿ ಕಂಬಚಿಗುರು ತೆಗೆಸುತ್ತಾರೆ. ನಾನೂ ರಜೆಯಲ್ಲಿ ಅಪ್ಪನ ಜೊತೆ ಗಿಡಗಿಡಕ್ಕೂ ಬಗ್ಗಿ ಕೈಯಲ್ಲೇ ಮುರಿದವಳು. ಆ ಅಭ್ಯಾಸ ಕೈಗೆ ಹತ್ತಿಬಿಟ್ಟಿತ್ತು. 2018ರ ಫೆಬ್ರವರಿಯಲ್ಲಿ, ತುದಿಯಿಂದ ನಾಲ್ಕು ಅಡಿ ನೇರ ಎದ್ದಿದ್ದ ಚಿಗುರನ್ನು ಮೂರು ಇಂಚಿಗೆ ಕತ್ತರಿಸಿಬಿಟ್ಟೆ. ಆಗ ಅದರ ಬುಡ ಬರೀ ಮುಕ್ಕಾಲು ಇಂಚು. ಕತ್ತರಿಸಿದ ಮೇಲೆ ಅದು ದಪ್ಪ ಆಗುವುದೇ ನಿಂತುಹೋಯಿತು.

ನಮ್ಮ ತೋಟದಲ್ಲೇ ಇದಕ್ಕೆ ಉತ್ತರವೂ ಇತ್ತು. ಹಳೇ ಕಾಫಿ ಗಿಡ ಫಸಲು ಬಿಡದಿದ್ದಾಗ ಬುಡದಿಂದ ಒಂದು ಅಡಿ ಬಿಟ್ಟು ಓರೆಯಾಗಿ ಕುಯ್ದು, ಬಂದ ಕಂಬಚಿಗುರುಗಳಲ್ಲಿ ಒಳ್ಳೆಯದನ್ನು ಉಳಿಸಿ ಅದನ್ನೇ ಗಿಡ ಮಾಡುತ್ತಿದ್ದರು. ಮೇಸ್ತ್ರಿ ಆ ಚಿಗುರಿನ ತುದಿಯನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಸೈಪ್ರೆಸ್‌ಗೂ ಬೇಕಾದ್ದು ಅದೇ.

ಹೀಗೆ ಮಾಡಿ. ಕಡಿತದ ಅಂಚಿಗೆ ಹತ್ತಿರ, ಮರದ ಮುಂಭಾಗಕ್ಕೆ ಬರುವ ಹಾಗೆ ಇರುವ ಒಂದು ಬಲವಾದ ಚಿಗುರನ್ನು ತಲೆಚಿಗುರು ಅಂತ ಆರಿಸಿಕೊಳ್ಳಿ. ಅದರ ಪಕ್ಕದವನ್ನು ಎರಡನೇ ವರ್ಷ ತೆಗೆಯಿರಿ. ಎಳೆಯ ತಲೆಚಿಗುರು ಕಾಂಡಕ್ಕೆ ಅಂಟಿಕೊಂಡಿರುವುದು ಬಹಳ ಸಡಿಲವಾಗಿ. ಜೋರು ಗಾಳಿಗೆ ಬುಡಸಮೇತ ಕಿತ್ತು ಬರುತ್ತದೆ. ಕಾಂಡಕ್ಕೆ ಒಂದು ಬಿದಿರು ಕಟ್ಟಿ, ಆ ಬಿದಿರಿಗೆ ಚಿಗುರನ್ನು ಬಟ್ಟೆ ದಾರದಲ್ಲಿ ಕಟ್ಟಿ ನೇರ ಮೇಲಕ್ಕೆ ಬಿಡಿ.

ಎರಡನೇ ವರ್ಷದ ಜೂನ್. ಮರ ಜೋರಾಗಿ ಬೆಳೆಯುತ್ತಿರುವ ಕಾಲ, ಗಾಯ ಬೇಗ ಮುಚ್ಚುತ್ತದೆ. ಆಗ ಸಪಾಟಾಗಿದ್ದ ಕಡಿತವನ್ನು ಓರೆ ಮಾಡಿ. ತಲೆಚಿಗುರಿನ ಹಿಂದಿನಿಂದ ಶುರುವಾಗಿ ಮರದ ಬೆನ್ನಿನ ಕಡೆಗೆ ಇಳಿಜಾರು. ಎಷ್ಟು ಇಳಿಯಬೇಕು ಅಂದರೆ ಆ ಜಾಗದಲ್ಲಿ ಕಾಂಡ ಎಷ್ಟು ಅಗಲವೋ ಸುಮಾರು ಅಷ್ಟೇ. ಚಿಗುರಿನ ಹಿಂದೆ ಅರ್ಧ ಇಂಚು ಮರ ಸಪಾಟಾಗಿಯೇ ಉಳಿಯಲಿ. ಅದನ್ನೂ ಈಗಲೇ ಕೆತ್ತಿದರೆ ಚಿಗುರು ಸೀಳಿ ಬರುತ್ತದೆ. ಆ ಅರ್ಧ ಇಂಚನ್ನು ಮೂರ್ನಾಲ್ಕು ವರ್ಷ ಬಿಟ್ಟು ಕೆತ್ತಿದರೆ ಸಾಕು.

ಇನ್ನು ಗಾಯದ ಮೇಲ್ಮೈ. ಸೈಪ್ರೆಸ್ ಗಾಯದ ಸುತ್ತ ತೊಗಟೆಯ ದಪ್ಪ ಉಂಗುರ ಕಟ್ಟುತ್ತದೆ. ಹಗ್ಗ ಸುತ್ತಿದ ಹಾಗೆ ಉಬ್ಬುತ್ತದೆ. ಗಾಯದ ನಡುಭಾಗ ತೊಗಟೆಯ ಮಟ್ಟಕ್ಕೇ ಇದ್ದರೆ ಆ ಉಂಗುರ ಮೇಲಕ್ಕೆ ಗುಡ್ಡೆಯಾಗಿ ಕುತ್ತಿಗೆಯಲ್ಲಿ ಗಂಟು ಬರುತ್ತದೆ. ಅದಕ್ಕೆ ದುಂಡುಬಾಯಿಯ ಉಳಿಯಿಂದ ನಡುಭಾಗವನ್ನು ಊಟದ ತಟ್ಟೆಯ ಹಾಗೆ ಸ್ವಲ್ಪ ತಗ್ಗಾಗಿ ಕೆತ್ತಿ. ಕಾಲು ಇಂಚು ಸಾಕು. ಆಗ ಉಂಗುರ ಒಳಕ್ಕೆ ಉರುಳಿಕೊಂಡು ಬಂದು, ಮುಚ್ಚುವ ಹೊತ್ತಿಗೆ ಕಾಂಡದ ಮಟ್ಟಕ್ಕೆ ಸರಿಯಾಗಿ ಕೂರುತ್ತದೆ. ಅಂಚಿಗೆ ಗಾಯದ ಪೇಸ್ಟ್ ಹಚ್ಚಿ.

ಆಮೇಲೆ ಕಾಯುವುದು. ತಲೆಚಿಗುರಿನ ಬುಡ, ಅದು ಹುಟ್ಟಿದ ಜಾಗದ ಕಾಂಡದ ಅರ್ಧದಷ್ಟಾದರೂ ದಪ್ಪ ಆಗುವವರೆಗೆ ತುದಿ ಕತ್ತರಿಸಬೇಡಿ. ನನ್ನದು 2018ರಲ್ಲಿ ಹೊಸದಾಗಿ ಹೊರಟ ಚಿಗುರು, 2019ರ ಅಕ್ಟೋಬರ್‌ಗೆ ಒಂಬತ್ತು ಅಡಿ ಮುಟ್ಟಿತ್ತು. ಕುಂಡದ ಮರಕ್ಕೆ ಒಂಬತ್ತು ಅಡಿಯ ಬಾಲ! ಮನೆಗೆ ಬಂದವರೆಲ್ಲ ಇದನ್ನು ಯಾಕೆ ಹೀಗೆ ಬಿಟ್ಟಿದ್ದೀರಿ ಅಂತ ಕೇಳುತ್ತಿದ್ದರು. ಅದರ ಬುಡ ಎರಡು ಇಂಚು ಆಗಿತ್ತು. 2020ರ ಫೆಬ್ರವರಿಯಲ್ಲಿ ಅದನ್ನು ನಾಲ್ಕು ಇಂಚಿಗೆ ಇಳಿಸಿದೆ. ಅಲ್ಲಿಂದ ಬಂದ ಇನ್ನೊಂದು ಚಿಗುರಿಗೂ ಇದೇ ಪಾಠ. ಮೊದಲನೇ ಚಿಗುರು ಒಂಚೂರು ಬಲಕ್ಕೆ ವಾಲಿದ್ದರೆ ಎರಡನೆಯದು ಎಡಕ್ಕೆ ವಾಲುವುದನ್ನು ಆರಿಸಿಕೊಳ್ಳಿ. ಆಗ ಕಾಂಡಕ್ಕೆ ಮೆಲ್ಲಗೆ ಒಂದು ಬಳುಕು ಬರುತ್ತದೆ.

ತಲೆ ಹೀಗೆ ಓಡುತ್ತಿರುವಾಗ ಕೆಳಗಿನ ಕೊಂಬೆಗಳ ಕಡೆ ಗಮನ ಇರಲಿ. ಈ ಮರಕ್ಕೆ ಮೇಲಿನದ್ದೆಂದರೆ ಪ್ರೀತಿ. ನೆರಳಾದ ಕೊಂಬೆಯನ್ನು ಅದು ಸುಮ್ನೆ ಒಣಗಿಸಿಬಿಡುತ್ತದೆ. ತಲೆಚಿಗುರಿನ ಕೆಳಗಿನ ಎರಡು ಅಡಿಯಲ್ಲಿ ಪಕ್ಕಕ್ಕೆ ಹೊರಡುವ ಕೊಂಬೆಗಳನ್ನು ತೆಗೆದು ಬೆಳಕು ಕೆಳಗಿಳಿಯಲು ಬಿಡಿ. ತುದಿ ಮಾತ್ರ ಓಡುತ್ತಿರಲಿ.

ಯಾವ ಆಕಾರ

ಬೋನ್ಸಾಯ್ ಅಂದರೆ ನಮ್ಮ ಕಣ್ಣಿಗೆ ಬರುವುದು ಪೈನ್ ಮರದ ತ್ರಿಕೋನ. ಎಳೇ ಸೈಪ್ರೆಸ್ ನಿಜಕ್ಕೂ ಹಾಗೇ ಇರುತ್ತದೆ, ಗೋಪುರದ ಹಾಗೆ. ಆದರೆ ವಯಸ್ಸಾದ ಸೈಪ್ರೆಸ್ ನೋಡಬೇಕು. ಟೆಕ್ಸಾಸ್ ಮತ್ತು ಲೂಯಿಸಿಯಾನಾ ಗಡಿಯಲ್ಲಿ ಕ್ಯಾಡೋ ಅಂತ ಒಂದು ಸರೋವರ ಇದೆ. ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ ದೋಣಿ ಮಾಡಿಕೊಂಡು ಹೋಗಿ. ಅಲ್ಲಿನ ಮರಗಳ ತುದಿ ಮುಂದಕ್ಕೆ ಬೆಳೆಯುವುದನ್ನು ಬಿಟ್ಟಿರುತ್ತದೆ. ಮೇಲಿನ ಮೂರ್ನಾಲ್ಕು ಕೊಂಬೆ ದಪ್ಪವಾಗಿ, ಅಂಗೈ ಬಿಡಿಸಿ ಮೇಲಕ್ಕೆ ಎತ್ತಿದ ಹಾಗೆ ಅಗಲಕ್ಕೆ ಹರಡಿ, ತಲೆ ಚಪ್ಪಟೆಯಾಗಿರುತ್ತದೆ. ಕೆಳಗೆ ಉಳಿದ ಒಂದೆರಡು ಕೊಂಬೆ ತೆಳ್ಳಗೆ ಜೋತುಬಿದ್ದು, ಅದಕ್ಕೆ ಸ್ಪ್ಯಾನಿಷ್ ಮಾಸ್ ಅನ್ನುವ, ಮರದ ಮೇಲೆ ಬೆಳೆಯುವ ಸಸ್ಯ ಬೂದು ಗಡ್ಡದ ಹಾಗೆ ನೇತಾಡುತ್ತಿರುತ್ತದೆ.

ಈ ಚಪ್ಪಟೆ ತಲೆಯ ಆಕಾರವನ್ನು ಬೋನ್ಸಾಯ್‌ಗೆ ತಂದವರು ನ್ಯೂ ಆರ್ಲಿಯನ್ಸ್‌ನ ವಾನ್ ಬ್ಯಾಂಟಿಂಗ್. ಜಪಾನಿನ ಮಾದರಿ ಬಿಟ್ಟು ತಮ್ಮೂರಿನ ಜೌಗಿನಲ್ಲಿ ಕಂಡದ್ದನ್ನೇ ಕುಂಡದಲ್ಲಿ ಮಾಡಿದರು. ಈಗ ಇದಕ್ಕೆ ಫ್ಲಾಟ್ ಟಾಪ್ ಅಂತಲೇ ಹೆಸರು. ಅಗಲವಾದ ಬುಡ, ಉದ್ದ ಕಾಂಡ ಇರುವ ಮರಕ್ಕೆ ನಾನು ಇದನ್ನೇ ಹೇಳುತ್ತೇನೆ. ಗಿಡ್ಡ, ದಪ್ಪ ಕಾಂಡ ಸಿಕ್ಕಿದ್ದರೆ ಮಾತ್ರ ಗೋಪುರ ಮಾಡಿ.

ಇದರಲ್ಲಿ ಒಂದು ತಿರುಗುಮುರುಗು ಇದೆ. ಉಳಿದ ಬೋನ್ಸಾಯ್‌ನಲ್ಲಿ ಕೆಳಗಿನ ಕೊಂಬೆ ದಪ್ಪ, ಮೇಲಿನದ್ದು ಸಣ್ಣ. ಇಲ್ಲಿ ಉಲ್ಟಾ. ಕೊಂಬೆಗಳಲ್ಲಿ ಮೇಲಿನವೇ ದಪ್ಪ. ಮರ ತಾನಾಗಿ ಮಾಡಲು ಹೊರಟಿದ್ದೂ ಅದನ್ನೇ, ಹಾಗಾಗಿ ಜಗಳ ಕಡಿಮೆ. ಕಾಂಡದ ಕೆಳಗಿನ ಅರ್ಧದಲ್ಲಿ ಏನೂ ಬೇಡ. ನಡುವಿನಲ್ಲಿ ಎರಡೋ ಮೂರೋ ತೆಳ್ಳನೆಯ ಕೊಂಬೆ, ಒಂದಕ್ಕೊಂದು ನೇರ ಎದುರಿಗೆ ಬಾರದ ಹಾಗೆ. ಅವುಗಳನ್ನು ಕೆಳಮುಖವಾಗಿ ಬಾಗಿಸಿ, ಚಿಕ್ಕದಾಗಿ ಇಡಿ. ಮೇಲಿನ ಕಾಲು ಭಾಗದಲ್ಲಿ ಮೂರರಿಂದ ಐದು ಕೊಂಬೆ. ಅವು ಮೊದಲು ಓರೆಯಾಗಿ ಮೇಲಕ್ಕೆ ಎದ್ದು, ಆಮೇಲೆ ಅಡ್ಡಕ್ಕೆ ಹರಡಬೇಕು. ಎಲ್ಲವೂ ಒಂದೇ ಬಿಂದುವಿನಿಂದ ಹೊರಟರೆ ಛತ್ರಿಯ ಕಡ್ಡಿಯ ಹಾಗೆ ಕಾಣುತ್ತದೆ, ಆ ಜಾಗ ಊದಿಯೂ ಕೊಳ್ಳುತ್ತದೆ. ಒಂದೊಂದು ಇಂಚು ಮೇಲೆ ಕೆಳಗೆ ಇರಲಿ. ತಲೆಯನ್ನು ಹಲಗೆ ಇಟ್ಟ ಹಾಗೆ ಒಂದೇ ಮಟ್ಟಕ್ಕೆ ಕತ್ತರಿಸಬೇಡಿ. ಕ್ಯಾಡೋದಲ್ಲಿ ಒಂದು ತಲೆಯೂ ಹಾಗಿಲ್ಲ. ನಾನು ಪ್ರತಿ ಸಲ ಹೋದಾಗಲೂ ಒಂದು ನೋಟ್‌ಬುಕ್‌ನಲ್ಲಿ ಐದಾರು ಮರದ ತಲೆ ಮಾತ್ರ ಗೀಚಿಕೊಂಡು ಬರುತ್ತೇನೆ. ಫೋಟೋಗಿಂತ ಅದು ಜಾಸ್ತಿ ಉಪಯೋಗಕ್ಕೆ ಬಂದಿದೆ. ಗೀಚುವಾಗ ಕೊಂಬೆ ಎಲ್ಲಿಂದ ಹೊರಟು ಎಲ್ಲಿ ತಿರುಗಿತು ಅಂತ ಕಣ್ಣು ಹುಡುಕಲೇಬೇಕಾಗುತ್ತದೆ.

ತಂತಿ ಕಟ್ಟುವುದಕ್ಕೆ ಅಲ್ಯೂಮಿನಿಯಂ ಸಾಕು, ಎರಡರಿಂದ ನಾಲ್ಕು ಮಿಲಿಮೀಟರ್. ಚಿಗುರು ಹಸಿರಿನಿಂದ ಕಂದಿಗೆ ತಿರುಗುವ ಹೊತ್ತು ಸರಿಯಾದ ಸಮಯ. ಬೇಗ ಬಗ್ಗುತ್ತದೆ. ಒಂದು ವರ್ಷ ಬಿಟ್ಟರೆ ಬಿಲ್ಲಿನ ಹಾಗೆ ಸೆಟೆದು ವಾಪಸ್ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕೊಮ್ಮೆ ತಂತಿ ನೋಡಿ. ಮೂರೇ ವಾರದಲ್ಲಿ ತೊಗಟೆಯೊಳಗೆ ಇಳಿಯುವುದನ್ನು ಕಂಡಿದ್ದೇನೆ. 2019ರಲ್ಲಿ ಊರಿಗೆ ಹೋಗಿ ಐದು ವಾರ ಇದ್ದು ಬಂದೆ. ಬಲಗಡೆಯ ಕೊಂಬೆಯ ಮೇಲೆ ಆ ಸುರುಳಿ ಗುರುತು ಇಂದಿಗೂ ಇದೆ. ತಂತಿ ತೆಗೆಯುವಾಗ ಬಿಚ್ಚಬೇಡಿ, ಒಂದೊಂದು ಸುತ್ತನ್ನೂ ಕಟರ್‌ನಿಂದ ತುಂಡು ಮಾಡಿ ತೆಗೆಯಿರಿ. ಕೊಂಬೆ ಮತ್ತೆ ಮೇಲಕ್ಕೆ ಎದ್ದರೆ ಇನ್ನೊಂದು ಸಲ ಕಟ್ಟಿ.

ಕೊಂಬೆಯ ತುದಿಯನ್ನೂ ದಪ್ಪ ಬರುವವರೆಗೆ ಓಡಲು ಬಿಡಬೇಕು. ಬೇಕಾದ ದಪ್ಪ ಬಂದ ಮೇಲೆ ಚಳಿಗಾಲದಲ್ಲಿ ಎರಡು ಮೂರು ಇಂಚಿಗೆ ಕತ್ತರಿಸಿ. ಅಲ್ಲಿಂದ ಕವಲು ಬರುತ್ತದೆ. ಕವಲಿನಲ್ಲಿ ಎರಡು ಮಾತ್ರ ಉಳಿಸಿ. ಮುಂದಿನ ವರ್ಷ ಮತ್ತೆ ಹಾಗೆಯೇ. ಕೊಂಬೆಯ ಕಂಕುಳಲ್ಲಿ, ಹಳೇ ಗಾಯದ ಪಕ್ಕದಲ್ಲಿ ಚಿಗುರು ಗೊಂಚಲು ಗೊಂಚಲಾಗಿ ಬರುತ್ತಲೇ ಇರುತ್ತವೆ. ಅವನ್ನು ಮೇ ತಿಂಗಳಿನಿಂದ ಬೆರಳಲ್ಲೇ ಉಜ್ಜಿ ತೆಗೆಯಿರಿ. ಇಲ್ಲಿ ನಮ್ಮ ಕಾಫಿ ತೋಟದ ಕೈ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಬೇರು, ಕುಂಡ, ಕಾಯಿಲೆ

ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಬೇರು ಕತ್ತರಿಸಿ ಮಣ್ಣು ಬದಲಿಸಿ. ಮೂರನೇ ವರ್ಷಕ್ಕೆ ಬಿಟ್ಟರೆ ಬೇರು ತೊಟ್ಟಿಯ ತೂತಿನಿಂದ ಹೊರಬಂದು ನೀರಿನ ತಟ್ಟೆಯಲ್ಲಿ ಜಡೆ ಹೆಣೆಯುತ್ತದೆ. ತಲೆ ಕಟ್ಟುವ ಕೆಲಸ ಮುಗಿಯುವ ತನಕ ಚಂದದ ಕುಂಡಕ್ಕೆ ಆಸೆ ಪಡಬೇಡಿ. ಚಿಕ್ಕ ಕುಂಡಕ್ಕೆ ಹೋದ ದಿನದಿಂದ ಕಾಂಡ ದಪ್ಪ ಆಗುವುದು ನಿಧಾನ. ನನ್ನ ಮರ ಬೋನ್ಸಾಯ್ ಕುಂಡ ಕಂಡಿದ್ದು 2024ರ ಫೆಬ್ರವರಿಯಲ್ಲಿ, ಬಂದು ಏಳು ವರ್ಷದ ಮೇಲೆ. ಫ್ಲಾಟ್ ಟಾಪ್‌ಗೆ ಅಗಲವಾದ, ಎರಡು ಇಂಚು ಆಳದ ಅಂಡಾಕಾರದ ಕುಂಡ ಹೊಂದುತ್ತದೆ, ಸುತ್ತ ಖಾಲಿ ಜಾಗ ಇದ್ದರೆ ನೀರಿನ ಬಯಲು ನೆನಪಾಗುತ್ತದೆ. ಆಳ ಕಡಿಮೆ ಇರುವುದರಿಂದ ಬೇಸಿಗೆಯಲ್ಲಿ ಅದನ್ನೂ ನೀರಿನ ತಟ್ಟೆಯಲ್ಲೇ ಇಡುತ್ತೇನೆ.

ಎಲೆ ಹಳದಿಯಾದರೆ ನಲ್ಲಿ ನೀರಿನ ಸುಣ್ಣದ ಅಂಶ ಕಾರಣ ಇರಬಹುದು. ಮಳೆ ನೀರು ಹಿಡಿದು ಹಾಕಿ, ಕಬ್ಬಿಣದ ಅಂಶದ ಗೊಬ್ಬರ ಕೊಡಿ. ಬೇಸಿಗೆ ನಡುವೆ ಎಲೆ ಬೂದು ಕಂದಾದರೆ ನುಸಿ. ಸಂಜೆ ಪೈಪಿನಿಂದ ಎಲೆಯ ಅಡಿಗೆ ಜೋರಾಗಿ ನೀರು ಹೊಡೆದರೆ ಹತೋಟಿಗೆ ಬರುತ್ತದೆ. ಚಿಗುರಿನ ತುದಿಯಲ್ಲಿ ಪುಟ್ಟ ಅನಾನಸ್ ಹಾಗೆ ಬೆಳ್ಳಗೆ ಗಂಟು ಕಂಡರೆ ಅದು ಒಂದು ಸಣ್ಣ ನೊಣದ ಮರಿಯ ಮನೆ. ಕಿತ್ತು ಕಸದ ಚೀಲಕ್ಕೆ ಹಾಕಿ, ಕೆಳಗೆ ಬಿಸಾಡಬೇಡಿ.

ನನ್ನ ಮರದ ಬೆನ್ನಿನ ಗಾಯ ಇನ್ನೂ ಪೂರ್ತಿ ಮುಚ್ಚಿಲ್ಲ. 2018ರಲ್ಲಿ ಅಂಗೈ ಅಗಲ ಇದ್ದದ್ದು ಈಗ ಹೆಬ್ಬೆರಳು ಹೋಗುವಷ್ಟು ಸೀಳು. ಚಿಗುರಿನ ಹಿಂದೆ ಬಿಟ್ಟಿದ್ದ ಅರ್ಧ ಇಂಚನ್ನು 2023ರಲ್ಲಿ ಕೆತ್ತಿದೆ. ಅದರ ಅಂಚೂ ಒಳಕ್ಕೆ ಉರುಳುತ್ತಿದೆ. ತಲೆಯ ಎಡಗಡೆಯ ಕೊಂಬೆ ಬಲಗಡೆಯದಕ್ಕಿಂತ ಸ್ವಲ್ಪ ಸಣ್ಣ. ಅದರ ತುದಿಯನ್ನು ಈ ವರ್ಷ ಕತ್ತರಿಸದೆ ಬಿಟ್ಟಿದ್ದೇನೆ. ಮೊನ್ನೆ ಅಳೆದಾಗ ನಾಲ್ಕು ಅಡಿ ದಾಟಿತ್ತು, ಪಕ್ಕದ ಮನೆಯ ಬೇಲಿಯ ಮೇಲೆ ಚಾಚಿದೆ. ಎಲೆ ಉದುರುವವರೆಗೆ ಹಾಗೇ ಇರಲಿ.